ಕೆಳಗೆ ಉಳಿದವರಿಗೆ ಕೊಡುವ ಮಾತು

ನಮ್ಮ ಕಡೆಯ ಜನಕ್ಕೆ ಹೆಲಿಕಾಪ್ಟರ್ ಎಂದರೆ ಚುನಾವಣೆ. ಶಾಲೆಯ ಮೈದಾನಕ್ಕೆ ಸುಣ್ಣದಲ್ಲಿ ಗುರುತು ಹಾಕಿ, ಧೂಳೇಳದಂತೆ ಟ್ಯಾಂಕರಿನಿಂದ ನೀರು ಹೊಡೆದು, ಮಕ್ಕಳನ್ನು ಹಗ್ಗದ ಆಚೆ ನಿಲ್ಲಿಸಿ ಕಾಯುತ್ತಾರೆ. ಇಳಿದು ಬಂದವರು ಕೈಬೀಸುತ್ತಾರೆ, ಭಾಷಣ ಮಾಡುತ್ತಾರೆ, ಮತ್ತೆ ಬರುತ್ತೇವೆ ಎಂದು ಹೇಳಿ ಹೋಗುತ್ತಾರೆ. ಅವರು ಮತ್ತೆ ಬರುವುದು ಐದು ವರ್ಷಕ್ಕೆ ಎಂಬುದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಹಾಗಾಗಿ ಆ ಮಾತಿನಿಂದ ಯಾರಿಗೂ ಮೋಸವಾಗುವುದಿಲ್ಲ. ನಾನು ಬರೆಯಹೊರಟಿರುವುದು ಅದೇ ಮಾತನ್ನು ಅದೇ ಯಂತ್ರದ ಬಾಗಿಲಲ್ಲಿ ನಿಂತು, ನಂಬದೆ ಬೇರೆ ಗತಿಯಿಲ್ಲದವರ ಎದುರು ಹೇಳಬೇಕಾಗಿ ಬರುವುದರ ಬಗ್ಗೆ.

ನಾನು ವಾಯುಪಡೆಯಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದವನು. ನನ್ನ ಕೆಲಸದ ಬಹುಭಾಗ ಕಳೆದದ್ದು ಅಸ್ಸಾಮಿನ ಮೋಹನ್‌ಬಾರಿಯಿಂದ ಹೊರಟು ಅರುಣಾಚಲದ ಲೋಹಿತ್, ದಿಬಾಂಗ್, ನೋವಾ ದಿಹಿಂಗ್ ಕಣಿವೆಗಳ ಒಳಗೆ ಹೋಗಿಬರುವುದರಲ್ಲಿ. ಹಾರಿಸಿದ್ದು ಹೆಚ್ಚಾಗಿ ಚೇತಕ್. ಫ್ರೆಂಚರ ಆಲುಯೆಟ್ ಯಂತ್ರವನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ೧೯೬೫ರಿಂದ ಪರವಾನಗಿಯ ಮೇಲೆ ಕಟ್ಟತೊಡಗಿತು. ರಾಣಾ ಪ್ರತಾಪನ ಕುದುರೆಯ ಹೆಸರು ಇಟ್ಟದ್ದು ನಾವು. ಹೋಗುವಾಗ ಅಕ್ಕಿ, ಉಪ್ಪು, ಸೀಮೆಎಣ್ಣೆ, ಔಷಧಿ, ಟಪಾಲು. ಬರುವಾಗ ರಜೆಯ ಮೇಲೆ ಹೊರಟ ಸೈನಿಕರು, ಕಾಯಿಲೆಯವರು, ಬಾಣಂತಿಯರು, ಒಮ್ಮೊಮ್ಮೆ ಬಟ್ಟೆಯಲ್ಲಿ ಸುತ್ತಿದ ಹೆಣ. ಕಾಡಿನ ಬಗ್ಗೆ ಬರೆಯುವವರು ಮೇಲಿನಿಂದ ನೋಡಿದರೆ ಹಸಿರು ಕಡಲಿನಂತೆ ಕಾಣುತ್ತದೆ ಎನ್ನುತ್ತಾರೆ. ಪೈಲಟ್ಟಿಗೆ ಹಾಗೆ ಕಾಣುವುದಿಲ್ಲ. ಎಂಜಿನ್ ನಿಂತರೆ ಇಳಿಯಲು ಅಂಗೈಯಗಲ ಜಾಗವೂ ಇಲ್ಲದ ನೆಲದಂತೆ ಕಾಣುತ್ತದೆ.

ನಿವೃತ್ತನಾಗಿ ಊರಿಗೆ ಬಂದಮೇಲೆ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಜಾಗ ಇಬ್ಬರಿಗೆ ಇದ್ದು ಕಾಯುವವರು ಆರು ಮಂದಿ ಇದ್ದರೆ ಏನು ಮಾಡುತ್ತಿದ್ದಿರಿ? ಕೇಳುವವರ ಮುಖದಲ್ಲಿ ಏನೋ ಧರ್ಮಸಂಕಟದ ಕಥೆ ಬರುತ್ತದೆ ಎಂಬ ನಿರೀಕ್ಷೆ ಇರುತ್ತದೆ. ಅವರನ್ನು ನಿರಾಸೆಗೊಳಿಸುವುದು ನನಗೆ ಅಭ್ಯಾಸವಾಗಿದೆ. ಇಬ್ಬರೇ ಎನ್ನುವುದರಲ್ಲಿ ಸಂಕಟವೇನೂ ಇಲ್ಲ, ಅದು ಕೂಡಿ ಕಳೆಯುವ ಲೆಕ್ಕ.

ಆ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಪುಸ್ತಕದ ಪ್ರಕಾರ ಚೇತಕ್‌ನಲ್ಲಿ ಪೈಲಟ್ ಸೇರಿ ಏಳು ಜನ ಕೂರಬಹುದು. ಎಲ್ಲ ಸೇರಿ ತೂಕ ೨೨೦೦ ಕಿಲೋ ಮೀರಬಾರದು. ಆದರೆ ಆ ಏಳು ಜನ ಬಯಲುಸೀಮೆಯ, ತಂಪು ಹವೆಯ ಏಳು ಜನ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಸೆಕೆಗೆ ಇನ್ನೂ ತೆಳುವಾಗುತ್ತದೆ. ತೆಳು ಗಾಳಿಯನ್ನು ರೆಕ್ಕೆ ಎಷ್ಟು ಕಡೆದರೂ ಬೆಣ್ಣೆ ಕಡಿಮೆ. ಬಯಲಿನಲ್ಲಾದರೆ ನೆಲಕ್ಕೆ ಹತ್ತಿರವೇ ಮುಂದಕ್ಕೆ ಓಡಿಸಿ ವೇಗ ಕೂಡಿಸಿಕೊಳ್ಳಬಹುದು. ಮುಂದೆ ಚಲಿಸುವ ಹೆಲಿಕಾಪ್ಟರಿಗೆ ಹೊಸ ಗಾಳಿ ಸಿಕ್ಕಿ ಏಳುವುದು ಸಲೀಸಾಗುತ್ತದೆ. ಕಾಡಿನ ನಡುವೆ ಮರ ಕಡಿದು ಮಾಡಿದ ಜಾಗದಲ್ಲಿ ಓಡಲು ದಾರಿಯಿಲ್ಲ. ಸುತ್ತ ನೂರು ಅಡಿಯ ಮರಗಳ ಗೋಡೆ. ಬಾವಿಯಿಂದ ಕೊಡ ಎತ್ತಿದಂತೆ ನೇರ ಮೇಲಕ್ಕೇ ಏಳಬೇಕು. ಎಂಜಿನ್ನಿನ ಶಕ್ತಿ ಅತಿ ಹೆಚ್ಚು ಬೇಕಾಗುವುದು ಅಲ್ಲಿ.

ಇದರಲ್ಲಿ ಒಂದು ಕಣ್ಕಟ್ಟು ಇದೆ. ನೆಲಕ್ಕೆ ಹತ್ತಿರವಿರುವಾಗ ರೆಕ್ಕೆಯ ಗಾಳಿ ನೆಲಕ್ಕೆ ಬಡಿದು ಹಾಸಿಗೆಯಂತೆ ಯಂತ್ರವನ್ನು ಹೊತ್ತುಕೊಳ್ಳುತ್ತದೆ. ಮೇಲೆ ಹೋದಂತೆ ಆ ಹಾಸಿಗೆ ಕಳಚಿಕೊಳ್ಳುತ್ತದೆ. ಹಾಗಾಗಿ ಆಳೆತ್ತರ ಏಳುವುದು ಸುಲಭ, ಮರದೆತ್ತರ ಏಳುವುದು ಕಷ್ಟ. ಆದರೆ ಕೆಳಗೆ ನಿಂತವರಿಗೆ ಕಾಣುವುದು ಸಲೀಸಾಗಿ ಆಳೆತ್ತರ ಎದ್ದದ್ದು. ಇನ್ನೊಬ್ಬನನ್ನು ಹತ್ತಿಸಬಹುದಿತ್ತಲ್ಲ ಎಂದು ಅವರಿಗೆ ಅನ್ನಿಸಿದರೆ ಅದು ನ್ಯಾಯವೇ. ಇಂಧನ ಕಡಿಮೆ ಮಾಡಿ ಜನರನ್ನು ಹೆಚ್ಚಿಸಬಾರದೆ ಎಂದು ಕೇಳಿದವರೂ ಇದ್ದಾರೆ. ನೂರು ಲೀಟರ್ ಇಂಧನವೆಂದರೆ ಸುಮಾರು ಎಂಬತ್ತು ಕಿಲೋ, ಅಂದರೆ ಒಬ್ಬ ಮನುಷ್ಯ ಮತ್ತು ಅವನ ಗಂಟು. ಆದರೆ ಆ ನೂರು ಲೀಟರ್ ಇಟ್ಟುಕೊಂಡದ್ದು ಕಣಿವೆಯ ಬಾಯಿ ಮೋಡದಲ್ಲಿ ಮುಚ್ಚಿಹೋದರೆ ಬೇರೆ ದಾರಿ ಹುಡುಕಲು. ಅದನ್ನು ಕೊಟ್ಟು ಒಬ್ಬನನ್ನು ಹತ್ತಿಸಿಕೊಂಡರೆ ಹತ್ತಿಸಿಕೊಂಡದ್ದು ಅವನನ್ನು, ಪಣಕ್ಕಿಟ್ಟದ್ದು ಎಲ್ಲರನ್ನೂ.

ಎಷ್ಟು ಮಂದಿ ಎನ್ನುವುದನ್ನು ತೂಕ ಹೇಳುತ್ತದೆ. ಯಾರು ಎನ್ನುವುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳುತ್ತಿದ್ದವರು ವೈದ್ಯರಿದ್ದಲ್ಲಿ ವೈದ್ಯರು, ಇಲ್ಲದಲ್ಲಿ ಕೆಂಪು ಕೋಟು ತೊಟ್ಟ ಗಾಂವ್‌ಬುರಾಗಳು, ಅಂದರೆ ಅಲ್ಲಿಯ ಊರ ಹಿರಿಯರು. ಅವರು ಮಾಡಿದ ಆಯ್ಕೆ ನನಗೆ ಅಚ್ಚರಿ ತಂದದ್ದುಂಟು. ಬದಲಾಯಿಸಿ ಎಂದು ಹೇಳುವ ಅಧಿಕಾರ ನನಗಿದೆ ಎಂದು ಮಾತ್ರ ಎಂದೂ ಅನ್ನಿಸಲಿಲ್ಲ. ನಾನು ಅರ್ಧ ಗಂಟೆಯ ನೆಂಟ. ಅವರು ಅಲ್ಲೇ ಬಾಳುವವರು, ತಮ್ಮ ಆಯ್ಕೆಯ ಜೊತೆಗೆ.

ನಿಜವಾದ ಪ್ರಶ್ನೆ ಶುರುವಾಗುವುದು ಬಾಗಿಲು ಹಾಕುವ ಮುಂಚೆ. ಉಳಿದವರು ಕೇಳುತ್ತಾರೆ: ಮತ್ತೆ ಬರುತ್ತೀರಾ?

ಕಾಡಿನಿಂದ ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ತಂದ ಮೊದಲ ಯುದ್ಧಕಾಲದ ಪ್ರಸಂಗದಲ್ಲೇ ಈ ಪ್ರಶ್ನೆ ಇದೆ. ೧೯೪೪ರ ಏಪ್ರಿಲ್. ಬರ್ಮಾದ ಕಾಡಿನಲ್ಲಿ ಜಪಾನೀಯರ ಹಿಡಿತದ ಜಾಗದ ಹಿಂದೆ ಒಂದು ಚಿಕ್ಕ ವಿಮಾನ ಬಿದ್ದಿತ್ತು. ಅದರಲ್ಲಿ ಅಮೆರಿಕದ ಪೈಲಟ್ ಮತ್ತು ಅವನು ಹೊತ್ತೊಯ್ಯುತ್ತಿದ್ದ ಮೂವರು ಬ್ರಿಟಿಷ್ ಸೈನಿಕರು ಇದ್ದರು. ಅಸ್ಸಾಮಿನ ಲಾಲಾಘಾಟ್‌ನಿಂದ ಬೆಟ್ಟಸಾಲು ದಾಟಿ ಬಂದವನು ಕಾರ್ಟರ್ ಹಾರ್ಮನ್ ಎಂಬ ಯುವಕ. ಅವನ ಸಿಕೋರ್‌ಸ್ಕಿ ಯಂತ್ರ ಆಗಿನ ಹೊಸದು, ದುರ್ಬಲ. ಆ ಸೆಕೆಯಲ್ಲಿ, ಆ ಎತ್ತರದಲ್ಲಿ ಅದು ಪೈಲಟ್ಟಿನ ಜೊತೆ ಎತ್ತಬಲ್ಲದ್ದು ಒಬ್ಬನನ್ನು ಮಾತ್ರ. ಏಪ್ರಿಲ್ ೨೫ರಂದು ಎರಡು ಸಲ ಹೋಗಿ ಇಬ್ಬರನ್ನು ಒಬ್ಬೊಬ್ಬರಾಗಿ ನದಿಯ ಮರಳುದಿಣ್ಣೆಗೆ ತಂದ. ಅಲ್ಲಿಂದ ಬೇರೆ ವಿಮಾನ ಅವರನ್ನು ಒಯ್ದಿತು. ಅಷ್ಟರಲ್ಲಿ ಎಂಜಿನ್ ಕಾದು ಕೈಕೊಟ್ಟಿತು. ಹಾರ್ಮನ್ ರಾತ್ರಿ ಅದೇ ಮರಳಿನ ಮೇಲೆ ಕಳೆದ. ಮರುದಿನ ಮೂರನೆಯವನನ್ನು, ಕೊನೆಗೆ ಬಿದ್ದ ವಿಮಾನದ ಪೈಲಟ್ಟನ್ನು ತಂದ. ಪೈಲಟ್ ಕೊನೆಯವನಾದದ್ದು ನನಗೆ ಸಹಜ ಎನ್ನಿಸುತ್ತದೆ. ಈ ಹಾರ್ಮನ್ ಮುಂದೆ ಸಂಗೀತ ವಿಮರ್ಶಕನಾದ, ಸಂಯೋಜಕನೂ ಹೌದು. ಅದು ಬೇರೆ ವಿಷಯ.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಹೋಗುವುದು ಹಾರ್ಮನ್ ಕಡೆಗಲ್ಲ, ಆ ರಾತ್ರಿ ಕಾಡಿನಲ್ಲಿ ಉಳಿದ ಇಬ್ಬರ ಕಡೆಗೆ. ಯಂತ್ರ ಎರಡು ಸಲ ಬಂದದ್ದನ್ನು ಅವರು ಕಂಡಿದ್ದರು. ಮೂರನೆಯ ಸಲ ಬರಲಿಲ್ಲ. ಸುತ್ತ ಶತ್ರುಗಳ ಸುಳಿದಾಟ. ಹಿಂದಿನ ಸಲ ಅವನು ಏನು ಹೇಳಿ ಹೋಗಿರಬಹುದು?

ಕನ್ನಡದಲ್ಲಿ ಬೆಳೆದವರಿಗೆ ಮಾತು ಕೊಡುವುದೆಂದರೆ ಪುಣ್ಯಕೋಟಿ. ಕರುವಿಗೆ ಹಾಲೂಡಿಸಿ ಬರುತ್ತೇನೆ ಎಂದು ಹುಲಿಗೆ ಹೇಳಿ ಹೋಗಿ, ಹೇಳಿದಂತೆ ಬಂದು ನಿಂತ ಹಸು. ನಾನೂ ಆ ಪದ್ಯ ಕೇಳಿಯೇ ಅತ್ತವನು. ಕಣಿವೆಗಳಲ್ಲಿ ಹಾರುತ್ತ ಹಾರುತ್ತ ನನಗೆ ಆ ಕಥೆಯ ಒಂದು ಅನುಕೂಲ ಹೊಳೆಯಿತು. ಪುಣ್ಯಕೋಟಿಗೆ ಕಾಲುಗಳು ತನ್ನವು. ಬರಬೇಕೆಂದು ಮನಸ್ಸು ಮಾಡಿದರೆ ಸಾಕು, ಬರಬಹುದಿತ್ತು. ನನ್ನ ಮಾತು ನನ್ನ ಕಾಲ ಮೇಲೆ ನಿಂತದ್ದಲ್ಲ. ಮೋಡದ ಮೇಲೆ, ಎಣ್ಣೆಯ ಒತ್ತಡದ ಮೇಲೆ, ಮೇಲಧಿಕಾರಿಯ ಅಪ್ಪಣೆಯ ಮೇಲೆ, ನಾಳೆ ಇನ್ನೊಂದು ಕಣಿವೆಯಿಂದ ಬರಬಹುದಾದ ಇನ್ನೂ ತುರ್ತಿನ ಕರೆಯ ಮೇಲೆ ನಿಂತದ್ದು. ತನ್ನ ಕೈಯಲ್ಲಿ ಇಲ್ಲದ್ದನ್ನು ಒಬ್ಬ ಮಾತಾಗಿ ಕೊಡಬಹುದೆ?

ಸಾಗರದಲ್ಲಿ ನನ್ನ ಸಹಪಾಠಿಯೊಬ್ಬ ವೈದ್ಯ. ಅವನಿಗೆ ಈ ನನ್ನ ಯೋಚನೆ ಬರೀ ತಲೆಹರಟೆ. "ಅಲ್ಲ ಮಾರಾಯಾ, ನಾನು ದಿನಕ್ಕೆ ಹತ್ತು ಜನಕ್ಕೆ ಏನೂ ಆಗುವುದಿಲ್ಲ ಎಂದು ಹೇಳುತ್ತೇನೆ. ಅರ್ಧ ಔಷಧಿ ಅದೇ. ನೀನು ಬರುತ್ತೇನೆ ಎಂದು ಹೇಳಿದರೆ ನಿನ್ನ ಗಂಟೇನು ಹೋಗುತ್ತದೆ?" ಎನ್ನುತ್ತಾನೆ. ಮಾತಿನಲ್ಲಿ ಸೋಲುವವನು ಅವನಲ್ಲ. ಆದರೆ ಅವನ ರೋಗಿ ಅವನ ಮುಂದೆಯೇ ಮಂಚದ ಮೇಲೆ ಇದ್ದಾನೆ. ಹೇಳಿದ ಮಾತು ತಪ್ಪಾದರೆ ಸಂಜೆ ಬಂದು ತಿದ್ದಬಹುದು. ನಾನು ಮಾತು ಹೇಳಿ ಎದ್ದುಹೋಗುವವನು.

ನನ್ನ ಅಭಿಪ್ರಾಯ ರೂಪುಗೊಂಡದ್ದು ಬಹುಶಃ ಹಾರಾಟ ಕಲಿಯುವ ಮುಂಚೆಯೇ. ನಮ್ಮದು ಶರಾವತಿ ಹಿನ್ನೀರಿನ ಆಚೆಯ ಊರು. ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ಸಾಗರ ಪೇಟೆಗೂ ನಮಗೂ ನಡುವೆ ನೀರು ನಿಂತಿತು. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ೨೦೨೫ರ ಜುಲೈಯಲ್ಲಿ ತೆರೆಯುವ ತನಕ ನಮ್ಮ ಬದುಕು ಲಾಂಚಿನ ಕೊನೆಯ ಟ್ರಿಪ್ಪಿಗೆ ಕಟ್ಟುಬಿದ್ದಿತ್ತು. ದಡದಲ್ಲಿ ಬೆನ್ನು ಕಂಡದ್ದು ಎಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ನಾನು ಚಿಕ್ಕವನಿದ್ದಾಗ ಲಾಂಚಿನಲ್ಲಿ ಇಬ್ಬರು ಇದ್ದರು. ಒಬ್ಬರು ಬಲು ಒಳ್ಳೆಯವರು: "ನೋಡ್ವಾ, ಆದ್ರೆ ಇನ್ನೊಂದ್ಸಲ ಬರ್ತೆ" ಎಂದು ಹೋಗುತ್ತಿದ್ದರು. ಇನ್ನೊಬ್ಬರು ಮುಖ ಗಂಟಿಕ್ಕಿ, "ಇವತ್ತು ಇಲ್ಲ, ಬೆಳಗಾದಮೇಲೆ" ಎನ್ನುತ್ತಿದ್ದರು. ಊರಿನವರೆಲ್ಲ ಬೈಯುತ್ತಿದ್ದದ್ದು ಎರಡನೆಯವರನ್ನು. ಆದರೆ ಅವರು ಹಾಗೆ ಹೇಳಿದ ದಿನ ನಾವು ಬೆಳಕಿರುವಾಗಲೇ ದೋಣಿಯವನನ್ನು ಹುಡುಕಿಕೊಳ್ಳುತ್ತಿದ್ದೆವು, ಇಲ್ಲವೆ ನೆಂಟರ ಮನೆ ಸೇರುತ್ತಿದ್ದೆವು. ಒಳ್ಳೆಯವರು ಹೋದ ದಿನ ಕತ್ತಲಾಗುವ ತನಕ ದಡದಲ್ಲೇ ಕೂತಿರುತ್ತಿದ್ದೆವು.

ಅರುಣಾಚಲದಲ್ಲಿ ಇದರ ಬೆಲೆ ದೊಡ್ಡದಾಗಿ ಕಂಡಿತು. ೧೯೮೮ರ ಮಳೆಗಾಲದ ಕೊನೆಯ ದಿನಗಳು. ಮಿಶ್ಮಿ ಜನರ ಒಂದು ಹಳ್ಳಿ. ಮೂರು ದಿನದಿಂದ ಹೆರಿಗೆಯಾಗದೆ ನರಳುತ್ತಿದ್ದ ಹೆಂಗಸನ್ನು ತರಲು ಹೋಗಿದ್ದೆವು. ಅಲ್ಲಿ ಹೋಗಿ ನೋಡಿದರೆ ಇನ್ನೂ ಇಬ್ಬರನ್ನು ಮಲಗಿಸಿದ್ದರು: ಜ್ವರ ತಲೆಗೇರಿ ಬಡಬಡಿಸುತ್ತಿದ್ದ ಏಳೆಂಟು ವರ್ಷದ ಹುಡುಗ, ಮರದಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಚರ್ಮ ಸೀಳಿ ಹೊರಬಂದಿದ್ದ ಯುವಕ. ಆ ಜಾಗದಿಂದ, ಆ ಸೆಕೆಯಲ್ಲಿ ನಾನು ಎತ್ತಬಲ್ಲದ್ದು ಮಲಗಿದ ಹೆಂಗಸನ್ನು ಮತ್ತು ಅವಳ ತಾಯಿಯನ್ನು. ಹಿರಿಯರು ಅದನ್ನೇ ಹೇಳಿದರು. ಕಣಿವೆಯ ಬಾಯಲ್ಲಿ ಮೋಡ ಇಳಿಯುತ್ತಿತ್ತು. ಹುಡುಗನ ತಂದೆ ಬಂದು ಕೇಳಿದ. ಅವನ ಮಾತನ್ನು ನನಗೆ ಹಿಂದಿಯಲ್ಲಿ ಹೇಳಿದವರು ಅಲ್ಲಿಯ ಶಾಲೆಯಲ್ಲಿ ಬಹಳ ವರ್ಷದಿಂದ ಇದ್ದ ಕೇರಳದ ಮಾಸ್ತರು. ನಾನು ಹೇಳಿದೆ: "ಹವೆ ಇದ್ದರೆ ನಾಳೆ ಬೆಳಿಗ್ಗೆ. ಹತ್ತು ಗಂಟೆಯೊಳಗೆ ಬರದಿದ್ದರೆ ಆ ದಿನ ಬರುವುದಿಲ್ಲ. ಹವೆ ನೋಡಿದರೆ ಕಷ್ಟ." ಮಾಸ್ತರು ಅವರಿಗೆ ಹೇಳಿದರು. ನಾವು ಎದ್ದೆವು.

ಮರುದಿನ ಕಣಿವೆ ಮುಚ್ಚಿತ್ತು. ಅದರ ಮರುದಿನವೂ. ನಾಲ್ಕನೆಯ ದಿನ ಹೋದೆವು. ಮೇಲಿನಿಂದಲೇ ಹೊಗೆ ಕಂಡಿತು. ಗಾಳಿಯ ದಿಕ್ಕು ನಮಗೆ ತಿಳಿಯಲೆಂದು ಹಸಿಸೊಪ್ಪು ಹಾಕಿ ಉರಿಸಿದ್ದರು, ದಿನಾ ಬೆಳಗಿನ ಜಾವದಿಂದ. ಹುಡುಗ ಇರಲಿಲ್ಲ. ಅವನ ತಂದೆ ನಾವು ಹೋದ ದಿನವೇ ಮಗನನ್ನು ಬೆತ್ತದ ಬುಟ್ಟಿಯಲ್ಲಿ ಕೂರಿಸಿ, ಪಟ್ಟಿಯನ್ನು ಹಣೆಗೆ ಸಿಕ್ಕಿಸಿ ಬೆನ್ನ ಮೇಲೆ ಹೊತ್ತು, ಎರಡು ದಿನದ ದಾರಿಯ ರಸ್ತೆಯ ಕಡೆಗೆ ನಡೆದುಬಿಟ್ಟಿದ್ದ. ಮುರಿದ ಕಾಲಿನ ಯುವಕ ಹೆಲಿಪ್ಯಾಡಿನ ಪಕ್ಕದಲ್ಲೇ ಸೊಪ್ಪಿನ ಗುಡಿಸಲಿನಲ್ಲಿ ಮಲಗಿದ್ದ. ಹೊರಬಲ್ಲ ನಾಲ್ವರು ಅಣ್ಣತಮ್ಮಂದಿರು ಅವನ ಸುತ್ತ ಕೂತಿದ್ದರು. ಕಾಲು ಕಪ್ಪಾಗಿತ್ತು. ದೂರದಿಂದಲೇ ವಾಸನೆ.

ಯಾಕೆ ಹೊತ್ತು ಹೊರಡಲಿಲ್ಲ ಎಂದು ನಾನು ಕೇಳಿದೆ. ಮಾಸ್ತರು ಸುಮ್ಮನಿದ್ದರು. ಆಮೇಲೆ ಹೇಳಿದರು: "ಸರ್, ನೀವು ಹೇಳಿದ್ದನ್ನೆಲ್ಲ ನಾನು ಹೇಳಲಿಲ್ಲ. ನಾಳೆ ಬರುತ್ತಾರೆ ಎಂದು ಮಾತ್ರ ಹೇಳಿದೆ. ಅವರ ಮುಖ ನೋಡಿ ಬೇರೆ ಏನೂ ಬಾಯಿಗೆ ಬರಲಿಲ್ಲ." ಹುಡುಗನ ತಂದೆ ಮಾಸ್ತರ ಮಾತು ಕೇಳಿ, ತಲೆಯೆತ್ತಿ ಮೋಡ ನೋಡಿ, ಮೋಡವನ್ನೇ ನಂಬಿದ್ದ. ಅಣ್ಣತಮ್ಮಂದಿರು ಮಾತನ್ನು ನಂಬಿದ್ದರು.

ಹುಡುಗ ಆಸ್ಪತ್ರೆ ಮುಟ್ಟಿ ಉಳಿದುಕೊಂಡ ಎಂದು ಮುಂದಿನ ತಿಂಗಳು ತಿಳಿಯಿತು. ಯುವಕನ ಕಾಲನ್ನು ತೊಡೆಯವರೆಗೆ ತೆಗೆಯಬೇಕಾಯಿತು. ಹೊತ್ತು ತಂದಿದ್ದರೆ ಉಳಿಯುತ್ತಿತ್ತೆ ಎಂದು ವೈದ್ಯರನ್ನು ಕೇಳಿದೆ. ಅವರು ಇಂಥದಕ್ಕೆ ಉತ್ತರ ಕೊಡುವ ಪೈಕಿ ಅಲ್ಲ. ಮಾಸ್ತರನ್ನು ಬೈಯಲು ನನಗೆ ಆಗಲೂ ಮನಸ್ಸಾಗಲಿಲ್ಲ, ಈಗಲೂ ಆಗುವುದಿಲ್ಲ. ಆ ಊರಿನ ಮಕ್ಕಳಿಗೆ ಅಕ್ಷರ ಕಲಿಸಲು ತನ್ನ ಊರನ್ನು ಬಿಟ್ಟುಬಂದ ಮನುಷ್ಯ. ಅವರು ಕೊಟ್ಟದ್ದು ಕರುಣೆಯನ್ನೇ. ಆದರೆ ಆ ಕರುಣೆ ನಾಲ್ಕು ಜೊತೆ ಗಟ್ಟಿ ಕಾಲುಗಳನ್ನು ಮೂರು ದಿನ ಕಟ್ಟಿಹಾಕಿತು. 'ಹವೆ ಇದ್ದರೆ' ಎಂಬ ಎರಡು ಪದ ನಿಷ್ಠುರವಾಗಿ ಕೇಳಿಸುತ್ತವೆ, ನಿಜ. ಆದರೆ ಕಾಯುವುದೋ ನಡೆಯುವುದೋ ಎಂದು ನಿರ್ಧರಿಸಲು ಉಳಿದವನಿಗೆ ಬೇಕಾದ ಸಾಮಗ್ರಿ ಇರುವುದೆಲ್ಲ ಆ ಎರಡು ಪದಗಳಲ್ಲಿ. ಅದನ್ನು ನುಂಗಿಕೊಂಡು ಸಮಾಧಾನ ಹೇಳಿದರೆ, ಅವನ ಬದಲು ನಾವೇ ನಿರ್ಧರಿಸಿದಂತೆ.

ಇದಕ್ಕೆ ವಿರುದ್ಧವಾದ ದೊಡ್ಡ ಉದಾಹರಣೆಯೂ ಇದೆ. ವಿಯೆಟ್ನಾಮಿನಲ್ಲಿ ಗಾಯಾಳುಗಳನ್ನು ಸಾಗಿಸುವ ಹೆಲಿಕಾಪ್ಟರ್ ಪಡೆಯ ಮೇಜರ್ ಚಾರ್ಲ್ಸ್ ಕೆಲ್ಲಿ, ಗುಂಡು ಹಾರುತ್ತಿದೆ, ಎದ್ದುಹೋಗಿ ಎಂದು ನೆಲದಿಂದ ಕೂಗಿದಾಗ, ಗಾಯಾಳುಗಳು ಕೈಸೇರಿದಮೇಲೆಯೇ ಹೋಗುವುದು ಎಂಬ ಅರ್ಥದ ಉತ್ತರ ಕೊಟ್ಟ. ೧೯೬೪ರ ಜುಲೈ ೧. ಅಲ್ಲೇ ಗುಂಡು ತಗಲಿ ಸತ್ತ. ಅವನ ನಂತರ ಬಂದವರಿಗೆ ಆ ಉತ್ತರ ಒಂದು ವ್ರತದಂತಾಯಿತು. ಮತ್ತೆ ಬರುತ್ತೇನೆ ಎನ್ನುವ ಪ್ರಶ್ನೆಯೇ ಏಳದಂತೆ ಅವನು ಅದನ್ನು ಬಗೆಹರಿಸಿದ. ತಲೆಬಾಗುತ್ತೇನೆ. ಆದರೆ ಬಿದ್ದ ಹೆಲಿಕಾಪ್ಟರ್ ಎರಡನೆಯ ಟ್ರಿಪ್ಪಿಗೆ ಬರುವುದಿಲ್ಲ ಎಂಬುದೂ ಅಷ್ಟೇ ನಿಜ.

ಯಂತ್ರಗಳು ಸುಧಾರಿಸಿದಮೇಲೆ ಈ ಪ್ರಶ್ನೆ ಹಳತಾಯಿತು ಎಂದು ಯಾರಾದರೂ ಅಂದುಕೊಂಡಿದ್ದರೆ ೨೦೧೯ನ್ನು ನೆನೆಯಬೇಕು. ಜೂನ್ ೩ರಂದು ಜೋರ್ಹಾಟ್‌ನಿಂದ ಮೆಚುಕಾಕ್ಕೆ ಹೊರಟ ವಾಯುಪಡೆಯ ಎಎನ್-೩೨ ವಿಮಾನ ಹದಿಮೂರು ಜನರೊಡನೆ ಕಾಣೆಯಾಯಿತು. ಅವಶೇಷ ಕಣ್ಣಿಗೆ ಬಿದ್ದದ್ದು ಎಂಟು ದಿನದ ಮೇಲೆ. ಯಾರೂ ಉಳಿದಿರಲಿಲ್ಲ. ಅಲ್ಲಿಗೆ ಹೆಲಿಕಾಪ್ಟರಿನಿಂದ ಇಳಿಸಿದ ಪರ್ವತಾರೋಹಿಗಳ ತಂಡವನ್ನು ಮತ್ತೆ ಎತ್ತಿಕೊಳ್ಳಲು ಹವೆ ಬಿಡದೆ ಅವರು ಎರಡು ವಾರಕ್ಕೂ ಮೀರಿ ಆ ಬೆಟ್ಟದಲ್ಲೇ ಸಿಕ್ಕಿಕೊಂಡರು. ಹುಡುಕಲು ಹೋದವರಿಗೇ ಈ ಗತಿ. ಅವರು ಅದನ್ನು ತಿಳಿದೇ ಇಳಿದಿದ್ದರು ಎಂಬುದೊಂದು ದೊಡ್ಡ ವ್ಯತ್ಯಾಸ.

ಕೊಲಂಬಿಯಾದ ಕಾಡಿನ ಸಂಗತಿಯನ್ನು ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು. ೨೦೨೩ರ ಮೇ ೧ರಂದು ಚಿಕ್ಕ ವಿಮಾನವೊಂದು ಅಮೆಜಾನ್ ಕಾಡಿಗೆ ಬಿದ್ದು ದೊಡ್ಡವರು ಮೂವರೂ ಸತ್ತರು. ಉಳಿದವರು ನಾಲ್ಕು ಮಕ್ಕಳು, ಹಿರಿಯಳಿಗೆ ಹದಿಮೂರು, ಕಿರಿಯದು ಹಸುಗೂಸು. ಮೇಲಿನಿಂದ ಹೆಲಿಕಾಪ್ಟರಿಗೆ ಏನೂ ಕಾಣದು. ಅಜ್ಜಿಯ ದನಿಯನ್ನು ಅವರದೇ ವಿಟೊಟೊ ಭಾಷೆಯಲ್ಲಿ ಮುದ್ರಿಸಿ ಧ್ವನಿವರ್ಧಕದಲ್ಲಿ ಕಾಡಿನ ಮೇಲೆಲ್ಲ ಕೇಳಿಸಿದರು: ಹುಡುಕುತ್ತಿದ್ದಾರೆ, ಅಲೆದಾಡಬೇಡಿ, ಇದ್ದಲ್ಲೇ ಇರಿ. ನಲವತ್ತನೆಯ ದಿನ, ಜೂನ್ ೯ರಂದು, ಅವರನ್ನು ಕಂಡವರು ನೆಲದ ಮೇಲೆ ನಡೆದು ಹುಡುಕಿದ ಆದಿವಾಸಿಗಳು. ಹೆಲಿಕಾಪ್ಟರಿಗೆ ಇಳಿಯಲು ಜಾಗವಿರಲಿಲ್ಲ, ಹಗ್ಗದಲ್ಲಿ ಎತ್ತಿಕೊಂಡಿತು. ಈ ಸಂಗತಿ ನನ್ನ ವಾದಕ್ಕೆ ಅಷ್ಟು ಒಗ್ಗುವುದಿಲ್ಲ ಎಂದು ನನಗೆ ಗೊತ್ತು. ಆಕಾಶದಿಂದ ಬಂದ ಅಜ್ಜಿಯ ದನಿಯಲ್ಲಿ ಯಾವ 'ರೆ'ಯೂ ಇರಲಿಲ್ಲ. ಆದರೆ ಅದು ಸಿಗುತ್ತೀರಿ ಎಂದು ಹೇಳಲಿಲ್ಲ, ಹುಡುಕುತ್ತಿದ್ದಾರೆ ಎಂದಿತು. ಹುಡುಕುತ್ತಿದ್ದದ್ದು ಸುಳ್ಳಲ್ಲ.

ಇನ್ನು, ಬರುತ್ತೀಯಾ ಎಂದು ಕೇಳದವರೂ ಇದ್ದಾರೆ. ೨೦೦೪ರ ಸುನಾಮಿಯ ಎರಡು ದಿನದ ಮೇಲೆ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದವರು ಉಳಿದಿದ್ದಾರೆಯೇ ಎಂದು ನೋಡಲು ಕರಾವಳಿ ಪಡೆಯ ಹೆಲಿಕಾಪ್ಟರ್ ಹೋಯಿತು. ದಡದಲ್ಲಿ ಒಬ್ಬ ಮನುಷ್ಯ ಓಡಿ ಬಂದು ಅದರತ್ತ ಬಿಲ್ಲು ಎತ್ತಿ ಗುರಿ ಹಿಡಿದ. ಆ ಚಿತ್ರ ಲೋಕಕ್ಕೆಲ್ಲ ಗೊತ್ತು. ಹೆಲಿಕಾಪ್ಟರ್ ಹಾರಿಸುವ ನಮ್ಮ ಪೈಕಿಯವರಿಗೆ ಅಷ್ಟು ಸ್ಪಷ್ಟವಾದ ಮಾತನ್ನು ಯಾರೂ ಹೇಳಿರಲಿಲ್ಲ.

ನಿವೃತ್ತಿಯ ಮುಂಚೆ ಕೆಲವು ವರ್ಷ ಹೊಸ ಪೈಲಟ್ಟುಗಳಿಗೆ ಪಾಠ ಹೇಳುವ ಕೆಲಸ ನನಗೆ ಬಂತು. ಮೇಲಿನದನ್ನೆಲ್ಲ ಅವರಿಗೆ ಹೇಳುತ್ತಿದ್ದೆ: ಬರುತ್ತೇನೆ ಎನ್ನಬೇಡಿ, ಹವೆ ಇದ್ದರೆ ಎನ್ನಿ, ಎಷ್ಟು ಗಂಟೆಯ ಮೇಲೆ ಕಾಯಬಾರದು ಎಂಬುದನ್ನೂ ಹೇಳಿ, ದುಭಾಷಿಯಿಂದ ಅದನ್ನು ತಿರುಗಿ ಹೇಳಿಸಿ ಕೇಳಿ. ಒಬ್ಬ ಹುಡುಗ ಕೈಯೆತ್ತಿ ಕೇಳಿದ: "ಸರ್, ಅವನಿಗೆ ನಡೆಯಲು ಕಾಲಿಲ್ಲ, ಹೊರಲು ಅಣ್ಣತಮ್ಮಂದಿರೂ ಇಲ್ಲ. ಕಾಯುವುದು ಬಿಟ್ಟು ಬೇರೆ ದಾರಿಯೇ ಇಲ್ಲ. ಅಂಥವನಿಗೆ ಹವೆ ಇದ್ದರೆ ಎಂದು ಹೇಳಿ ಏನು ಕೊಟ್ಟಹಾಗಾಯಿತು? ರಾತ್ರಿ ಕಳೆಯಲು ಒಂದು ಸುಳ್ಳನ್ನಾದರೂ ಬಿಟ್ಟುಬರಬಾರದೆ?"

ಅಂಥವನ ವಿಷಯದಲ್ಲಿಯೂ ನಾನು 'ಹವೆ ಇದ್ದರೆ' ಎಂದೇ ಹೇಳುತ್ತೇನೆ ಎಂದೆ. ಯಾಕೆ ಎಂದ. ನನಗೆ ಬೇರೆ ಹೇಳಲು ಬರುವುದಿಲ್ಲ, ಅದಕ್ಕೆ, ಎಂದೆ. ತರಗತಿಯಲ್ಲಿ ನಕ್ಕರು. ಅವನು ನಗಲಿಲ್ಲ. ಆಮೇಲೆ ಅವನೂ ಅದೇ ಕಣಿವೆಗಳಲ್ಲಿ ಬಹಳ ವರ್ಷ ಹಾರಿದ. ಕಾಗದ ಬರೆಯುತ್ತಿದ್ದ, ಈಚೆಗೆ ಫೋನು ಮಾಡುತ್ತಾನೆ. ಬಾಗಿಲು ಹಾಕುವ ಮುಂಚೆ ಅವನು ಏನು ಹೇಳುತ್ತಿದ್ದ ಎಂದು ನಾನು ಕೇಳಿಲ್ಲ, ಅವನಾಗಿ ಹೇಳಿಯೂ ಇಲ್ಲ.